ಭಾಲ್ಕಿಯಲ್ಲಿ ನಳ ಬಂದ ಹೊತ್ತು

ನಮ್ಮ ಕಡೆ ನಳ ಬರುವುದು, ಅಂದರೆ ನಲ್ಲಿಗೆ ನೀರು ಬರುವುದು, ಮನೆಗೆ ಬೀಗರು ಬಂದ ಹಾಗೆ. ಇಂಥ ದಿನವೆಂದಿಲ್ಲ, ಇಂಥ ಹೊತ್ತೆಂದಿಲ್ಲ. ಬಂದರೆಂದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಏಳಬೇಕು. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನೀರಿನ ಟಾಕಿ ತುಂಬಬೇಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಾನು ಬೀದರದ ಮೈಲೂರಿನವಳು. ಆದರೂ ಭಾಲ್ಕಿಯ ಆ ಮನೆಯಲ್ಲಿ ನಳ ಬಿಚ್ಚಲು ಕೂತಾಗ ಈ ಮಾತು ನನ್ನ ತಲೆಯಲ್ಲಿ ಇರಲಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ನನ್ನ ಹಾಗೆ ಕಾಣದವರ, ಅದರಲ್ಲೂ ಅರ್ಧ ಆಯುಷ್ಯ ಕಂಡು ಆಮೇಲೆ ಕಣ್ಣು ಕಳೆದುಕೊಂಡವರ ಮನೆಗೆ ಹೋಗಿ, ಮನೆಯ ಸಣ್ಣಪುಟ್ಟ ರಿಪೇರಿ ಕಲಿಸುವುದು ನನ್ನ ಕೆಲಸ. ಗೋಡೆಗೆ ಹಲಗೆ ಕೂಡಿಸುವುದು, ನಳದ ವಾಸರ್ ಬದಲಿಸುವುದು, ಗ್ಯಾಸಿನ ಪೈಪನ್ನು ಬೆರಳಿನಿಂದ ಪರೀಕ್ಷೆ ಮಾಡುವುದು, ಹೀಗೆ. ಬಡಗಿಯಾಗಿದ್ದ ನಮ್ಮಜ್ಜ ಚಿಕ್ಕಂದಿನಲ್ಲೇ ನನ್ನ ಕೈಗೆ ಉಳಿ ಕೊಟ್ಟಿದ್ದ. "ಕಣ್ಣು ಒಂದು ಸಲ ನೋಡಿ ಸುಮ್ಮನಾಗ್ತದ, ಕೈ ಮತ್ತ ಮತ್ತ ಕೇಳ್ತದ" ಎನ್ನುತ್ತಿದ್ದ. ಈಗಲೂ ಚೀಲದಲ್ಲಿ ಅವನದೇ ಉಳಿ.

ಭಾಲ್ಕಿಯಲ್ಲಿ ನಾನು ಕಲಿಸಲು ಹೋಗುತ್ತಿದ್ದುದು ಒಬ್ಬ ನರ್ಸ್ ಬಾಯಿಗೆ. ಬಾಯಿ ಎಂದರೆ ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಔರಾದಿನಲ್ಲಿ ಕೆಲಸ ಮಾಡಿದ್ದವರು, ಮದುವೆಯಾಗಿರಲಿಲ್ಲ, ಅಲ್ಲಿಯೇ ತಮ್ಮ ಸಂಬಳದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. ಕಣ್ಣಿನ ಒತ್ತಡದ ಬೇನೆ ಮೆಲ್ಲಗೆ ಬಂದು ಪೂರ್ತಿ ಕತ್ತಲು ಮಾಡಿ ಹೋಯಿತು. ಆಗ ಅಣ್ಣ ಬಂದು ಔರಾದಿನ ಮನೆಗೆ ಕೀಲಿ ಹಾಕಿ, ತಂಗಿಯನ್ನು ಭಾಲ್ಕಿಯ ತನ್ನ ಮನೆಗೆ ಕರೆತಂದ. ಹಿತ್ತಲ ಕಡೆಯ ಒಂದು ಕೋಣೆ ಕೊಟ್ಟ. ಮೂಲೆಯಲ್ಲೇ ಸ್ನಾನದ ಮೋರಿ, ಗೋಡೆಗುಂಟ ಕಟ್ಟಿಗೆಯ ಮಂಚ, ತಲೆಯ ಮೇಲೆ ಪಂಖಾ. ಊಟ, ಚಹಾ ಎಲ್ಲ ಅಲ್ಲಿಗೇ ಬರುತ್ತಿತ್ತು. ಕಣ್ಣಿಲ್ಲದಾಕೆ ಎಲ್ಲಿ ಕೈ ಹಾಕಿಬಿಡುತ್ತಾಳೋ ಎಂದು ಕೋಣೆಯ ಪ್ಲಗ್ಗಿನ ಜಾಗವನ್ನೂ ಬಿಚ್ಚಿಸಿ ಮೇಲೆ ಹಲಗೆ ಬಡಿಸಿದ್ದರು. ಮನೆಯಲ್ಲೇ ಇರುವಾಕೆಗೆ ಫೋನ್ ಯಾಕೆ ಎಂದು ಫೋನೂ ಇರಲಿಲ್ಲ. ಯಾರೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಅದೇ ಕಷ್ಟ. ಬೈದರೆ ಜಗಳವಾಡಬಹುದು, ಪ್ರೀತಿ ಮಾಡಿದರೆ ಎಲ್ಲಿಗೆ ಹೋಗುವುದು?

ಅಣ್ಣ ಬೀದರದ ಗಾಂಧಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಮೊದಲ ದಿನವೇ ನನ್ನನ್ನು ಅಂಗಳದಲ್ಲಿ ಕೂಡಿಸಿ ಹೇಳಿದರು: "ಟೀಚರ್, ತಂಗಿ ನನಗ ಭಾರ ಅಲ್ರಿ. ಆದ್ರ ಆಕಿಗಿ ಔರಾದಕ್ಕ ಹೋಗಿ ಒಬ್ಬಾಕಿನೇ ಇರಬೇಕಂತ ಹಟ. ನಾಳಿ ಏನಾರ ಆದ್ರ ಮಂದಿ ನನ್ನ ಮುಖದ ಮ್ಯಾಲ ಉಗುಳ್ತಾರ. ನೀವು ಕಲಸ್ರಿ. ಕಲಿಸಿದ ಮ್ಯಾಲ ನೀವು ಹ್ಞೂ ಅಂದ್ರ ಕೀಲಿ ಕೊಡ್ತೇನಿ. ಅನ್ನಲಿಲ್ಲಂದ್ರ ಆ ಮನಿ ಬಾಡಿಗಿ ಕೊಟ್ಟು ಬಿಡ್ತೇನಿ. ಕೇಳ್ಕೊಂಡು ಬರೋರು ಭಾಳ ಅದಾರ."

ಹೀಗೆ ಆ ಹೆಣ್ಣುಮಗಳ ಮನೆ ನನ್ನ ನಾಲಗೆಯ ತುದಿಗೆ ಬಂದು ಕೂತಿತು.

ಕಲಿಸುವ ದಿನಗಳು ಮುಗಿಯುತ್ತ ಬಂದವು. ನಿಜ ಹೇಳಬೇಕೆಂದರೆ ನನಗೆ ಹ್ಞೂ ಅನ್ನುವ ಧೈರ್ಯ ಬಂದಿರಲಿಲ್ಲ. ಕೈ ಒಳ್ಳೆಯ ಕೈ. ಅಳತೆಯ ದಾರದ ಗಂಟು ಒಂದೇ ಸಲಕ್ಕೆ ಹಿಡಿಯುತ್ತಿದ್ದರು, ಡ್ರಿಲ್ ಒತ್ತುವಾಗ ಗೋಡೆಯಲ್ಲಿ ಇಟ್ಟಿಗೆ ಬಂತೋ ಗಚ್ಚು ಬಂತೋ ಸದ್ದಿನಿಂದಲೇ ಹೇಳುತ್ತಿದ್ದರು. ಆದರೆ ಪ್ರತಿ ಸ್ಕ್ರೂ ತಿರುಗಿಸಿದ ಮೇಲೂ ಒಂದು ಪ್ರಶ್ನೆ: "ಬರೋಬರ್ ಅದ ಏನ್ರಿ, ಟೀಚರ್?" ಅದ ಎಂದರೆ ಮುಂದಿನದಕ್ಕೆ ಕೈ. ನಾನು ಬೇಕೆಂದೇ ಸುಮ್ಮನಿದ್ದರೆ ಅವರ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಔರಾದಿನಲ್ಲಿ ಬರೋಬರ್ ಅನ್ನಲು ಯಾರಿರುತ್ತಾರೆ?

ಆ ದಿನ ಬೆಳಿಗ್ಗೆ ಮಂಚದ ಮೇಲಿನ ಗೋಡೆಗೆ ಒಂದು ಹಲಗೆ ಕೂಡಿಸಿದೆವು. ಕೋಣೆಯಲ್ಲಿ ಪ್ಲಗ್ ಇಲ್ಲವಲ್ಲ, ಪಡಸಾಲೆಯ ಪ್ಲಗ್ಗಿನಿಂದ ಉದ್ದ ವೈರಿನ ಬೋರ್ಡು ಎಳೆದು, ಡ್ರಿಲ್ ಅದಕ್ಕೆ ಹಚ್ಚಿದ್ದೆ. ವೈರು ಹೊಸ್ತಿಲ ಮೇಲಿಂದ ಬರುತ್ತಿತ್ತು. ಹಾಸುವಾಗಲೇ ಬೆರಳಿಗೆ ಸಿಕ್ಕಿತು, ಬಾಗಿಲಿನಿಂದ ಒಂದು ಗೇಣು ಈಚೆಗೆ ಟೇಪು ಸುತ್ತಿದ ಒಂದು ಜೋಡು. ಮನೆಯವರ ವೈರು, ಹಳೆಯದು. ಸಂಜೆ ಇದನ್ನು ಕತ್ತರಿಸಿ ಸರಿ ಮಾಡಬೇಕು ಅಂದುಕೊಂಡೆ.

ಆಮೇಲೆ ನಳದ ಪಾಠ. ನೀರು ಬಂದ್ ಮಾಡುವುದನ್ನೂ ಅವರೇ ಮಾಡಬೇಕು ಎಂದು ಅಂಗಳಕ್ಕೆ ಕರೆದೊಯ್ದೆ. ಗೋಡೆ ಹಿಡಿದು ಹೋಗಿ, ತುಳಸಿ ಕಟ್ಟೆ ದಾಟಿದ ಮೇಲೆ ಮೊಣಕಾಲ ಎತ್ತರಕ್ಕೆ ವಾಲ್. ಆ ವಾಲ್ ತೆರೆದರೆ ಟಾಕಿಗೂ ನೀರು, ಮೋರಿಯ ನಳಕ್ಕೂ ನೀರು. ಬಾಯಿಯೇ ಅದನ್ನು ತಿರುಗಿಸಿ ಬಂದ್ ಮಾಡಿದರು. ಅಡುಗೆಮನೆಯಲ್ಲಿದ್ದ ಅವರ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ನಾನು ಕೂಗಿ ಹೇಳಿದೆ: "ವಾಲ್ ಬಂದ್ ಮಾಡೇವ್ರಿ, ಮುಟ್ಟಬ್ಯಾಡ್ರಿ!" "ಹ್ಞೂನ್ರಿ!" ಅಂದರು, ಲಟ್ಟಣಿಗೆಯ ಸದ್ದಿನ ನಡುವೆ. ವಾಲಿಗೆ ಗುರುತಿಗೆಂದು ಒಂದು ಚಿಂದಿ ಕಟ್ಟಿ ಬರುವುದು ನನ್ನ ಪದ್ಧತಿ. ಆ ದಿನ ಕಟ್ಟಲಿಲ್ಲ.

ಮೋರಿಯಲ್ಲಿ ಕೂತ ಮೇಲೆ ಮೊದಲ ಕೆಲಸ, ನೀರು ಹೋಗುವ ತೂತಿಗೆ ಬಟ್ಟೆ ತುರುಕುವುದು. ಕಣ್ಣಿದ್ದವರು ಬಿದ್ದ ಸ್ಕ್ರೂ ಹುಡುಕುತ್ತಾರೆ, ನಾವು ಬೀಳುವ ದಾರಿಯನ್ನೇ ಮುಚ್ಚುತ್ತೇವೆ. ಬಾಯಿ ಗಟ್ಟಿಯಾಗಿ ತುರುಕಿದರು, ಕೇಳಿದರು, "ಬರೋಬರ್ ಅದ ಏನ್ರಿ?" ನಳದ ತಲೆ ಬಿಚ್ಚಿ, ಒಳಗಿನ ದಂಡಿ ಹೊರಗೆ ತೆಗೆದು, ಸವೆದ ವಾಸರನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಕೂಗಿದರು.

"ನಳ ಬಂದಾವ ನೋಡ್ರೇ!"

ಒಂದು ಕೂಗಿಗೆ ಹತ್ತು ಕೂಗು. ಕೊಡಗಳ ಸದ್ದು, ಬಾಗಿಲುಗಳ ಸದ್ದು, ಒಂದಾದ ಮೇಲೊಂದು ಮನೆಯ ಮೋಟಾರುಗಳು. ನಮ್ಮ ಕೋಣೆಯ ಬಾಗಿಲು ಧಡ್ ಎಂದು ಮುಚ್ಚಿತು, ಮೇಲೆ ಕಬ್ಬಿಣದ ಏನೋ ಕರ್ ಎಂದಿತು. ಗಾಳಿಗೆ ಇರಬೇಕು ಅಂದುಕೊಂಡೆ. ಬಾಯಿಯ ಉಗುರು ವಾಸರಿನ ಮೇಲೆಯೇ ಇತ್ತು.

ಒಂದೆರಡು ಉಸಿರಿನಷ್ಟು ಹೊತ್ತು. ಆಮೇಲೆ ಗೋಡೆಯೊಳಗಿನ ಪೈಪು ಗುಡುಗುಡು ಅಂದಿತು. ನಾನು "ದಂಡಿ ಹಾಕ್ರಿ, ಜಲ್ದಿ!" ಎನ್ನುವುದಕ್ಕೂ ನೀರು ಸಿಡಿದು ಇಬ್ಬರ ಮುಖಕ್ಕೆ ಬಡಿಯುವುದಕ್ಕೂ ಸರಿಹೋಯಿತು.

ಎಷ್ಟೋ ದಿನಕ್ಕೆ ಬಂದ ನೀರು, ಅದರ ಜೋರೇ ಬೇರೆ. ದಂಡಿ ತಿರುಗಿಸಿ ಕೂಡಿಸಲು ನೋಡಿದೆವು, ಹಲ್ಲು ಹಿಡಿಯಲಿಲ್ಲ. ವಾಸರು ಎಲ್ಲಿ ಹಾರಿತೋ ಗೊತ್ತಿಲ್ಲ. ಬಾಯಿ ಅಂಗೈ ಒತ್ತಿದರು, ಬೆರಳ ಸಂದಿಯಿಂದ ಸಿಡಿಯಿತು. ನಾನು ತೂತಿನ ಬಟ್ಟೆ ಎಳೆಯಲು ಕೆಳಗೆ ಕೈ ಹಾಕಿದೆ. ಹಳೆಯ ಬಟ್ಟೆ. ಅರ್ಧ ನನ್ನ ಕೈಗೆ ಬಂತು, ಅರ್ಧ ಪೈಪಿನೊಳಗೆ ಇನ್ನೂ ಬಿಗಿಯಾಗಿ ಕೂತಿತು. ಮೋರಿಯ ಕಟ್ಟೆ ಎಷ್ಟು ಎತ್ತರ? ನಾಲ್ಕು ಬೆರಳು. ನೀರು ಅದನ್ನು ದಾಟಿ ಕೋಣೆಯ ಫರ್ಶಿ ನೆಲದ ಮೇಲೆ ಇಳಿದ ಸದ್ದು ಕೇಳಿದಾಗ ನನಗೆ ನೆನಪಾದದ್ದು ವೈರಿನ ಜೋಡು.

"ಬಾಯಿ, ಮಂಚ ಹತ್ರಿ! ನೀರಿನ್ಯಾಗ ಕಾಲು ಇಡಬ್ಯಾಡ್ರಿ!"

ನಡುವೆ ಇನ್ನೂ ಒಣ ನೆಲ ಇತ್ತು. ಬಂದವಳೇ ಬೋರ್ಡನ್ನೂ ಡ್ರಿಲ್ಲನ್ನೂ ಎತ್ತಿ ಮಂಚಕ್ಕೆ ಇಟ್ಟೆ. ಇಬ್ಬರೂ ಹತ್ತಿ ಕೂತೆವು, ಒದ್ದೆ ಸೀರೆ, ಬರಿಗಾಲು. ಬೋರ್ಡು ಮೇಲೆ ಬಂತು ಸರಿ, ವೈರು? ಅದು ಮಂಚದಿಂದ ಇಳಿದು ನೆಲಕ್ಕೆ ಹತ್ತಿ ಬಾಗಿಲ ಕೆಳಗೆ ಹೋಗಿದೆ. ಆ ಟೇಪು ಸುತ್ತಿದ ಜೋಡು ನೆಲದ ಮೇಲೆ ನೀರಿಗಾಗಿ ಕಾಯುತ್ತ ಕೂತಿದೆ. ಬಾಗಿಲಿಗೆ ಹೋಗಬೇಕೆಂದರೆ ಅದರ ಪಕ್ಕದಲ್ಲೇ ಕಾಲಿಡಬೇಕು.

"ವೈನೀ!" ಎಂದು ನಾನು ಕೂಗಿದೆ. "ಬಾಗಿಲು ದೂಡ್ಕೊಂಡು ಬರಬ್ಯಾಡ್ರಿ, ಮೊದಲು ಪ್ಲಗ್ ತೆಗೀರಿ!"

ಬಾಯಿ ಮೆಲ್ಲಗೆ ಹೇಳಿದರು: "ಆಕಿ ಮನ್ಯಾಗ ಇಲ್ರಿ. ಕೊಂಡಿ ಹಾಕ್ಕೊಂಡು ಹೋಗ್ಯಾಳ."

"ಯಾವ ಕೊಂಡಿ?"

"ನನ್ನ ಬಾಗಿಲದ್ದು. ಹೊರಗಿಂದು. ಹೊರಗ ಹೋಗುವಾಗ ದಿನಾ ಹಾಕ್ತಾಳ. ಮುಂದಿನ ಓಣ್ಯಾಗ ಒಬ್ರು ಕೆಲಸಕ್ಕ ಹೋಗ್ತಾರ, ಅವರ ಮನಿ ಕೀಲಿ ಇಕಿ ಹಂತ್ಯಾಕ ಇರ್ತದ. ನಳ ಬಂದ್ರ ಅವರ ಡ್ರಮ್ಮೂ ತುಂಬಿ ಬರ್ತಾಳ."

ದಿನವೂ ಬಾಗಿಲು ಮುಚ್ಚಿಸಿಕೊಂಡವರಿಗೆ ಮಾತ್ರ ಬರುವ ಸಮಾಧಾನ ಆ ದನಿಯಲ್ಲಿತ್ತು. ಕರ್ ಎಂದ ಸದ್ದು ಅವರಿಗೆ ಆಗಲೇ ಗೊತ್ತಾಗಿತ್ತು, ಹೇಳುವಂಥದ್ದು ಅನ್ನಿಸಿರಲಿಲ್ಲ.

ಮಂಚದ ತಲೆಯ ಕಡೆ ಹಿತ್ತಲ ಕಿಟಕಿ. ಸರಳು ಹಿಡಿದು ಇಬ್ಬರೂ ಕೂಗಿದೆವು. ಯಾರಿಗೆ ಕೇಳಬೇಕು? ಓಣಿಗೆ ಓಣಿಯೇ ಮೋಟಾರು ಹಚ್ಚಿತ್ತು. ಬೇರೆ ದಿನವಾಗಿದ್ದರೆ ಒಂದು ಕೆಮ್ಮಿಗೆ ನಾಲ್ಕು ಮಂದಿ ಹಣಿಕುತ್ತಾರೆ. ಉಳಿ, ಸುತ್ತಿಗೆ, ಸ್ಕ್ರೂ ತಿರುವುವ ಪೇಚಕಸ್ ಎಲ್ಲ ಬೆಳಿಗ್ಗೆಯೇ ಕೋಣೆಗೆ ತಂದುಕೊಂಡಿದ್ದೆ, ನನ್ನ ಫೋನು ಮಾತ್ರ ಪಡಸಾಲೆಯಲ್ಲಿ, ಚೀಲದ ಒಳಗೆ.

ಕಾಲು ಮೇಲೆತ್ತಿ ಕೂತೆ. ಕಣ್ಣು ಕಾಣದವಳು ಎಂದು ನನಗೆ ಅಳು ಬಂದದ್ದು ಕಡಿಮೆ. ಆ ಹೊತ್ತು ಬಂತು. ಕಣ್ಣಿದ್ದವರಾದರೆ ಜೋಡಿಗೆ ನೀರು ಮುಟ್ಟಿತೋ ಇಲ್ಲವೋ ಅದನ್ನಾದರೂ ನೋಡುತ್ತಿದ್ದರು. ನಮಗೆ ಅದು ಕಾಲಿಗೆ ಬಡಿದಾಗಲೇ ತಿಳಿಯಬೇಕು.

"ವೈರು ಎಳಿಯೂಣೇನ್ರಿ?" ಬಾಯಿ ಕೇಳಿದರು. "ಎಳದ್ರ ಪಡಸಾಲ್ಯಾಗಿಂದು ಪ್ಲಗ್ ಕಿತ್ತು ಬರ್ತದಲ?"

"ಬರ್ತದ. ಆದ್ರ ನಡುವ ಜೋಡು ಅದ. ನಾವು ಎಳದ್ರ ಮೊದಲು ಜೋಡು ಬಿಚ್ಚಿಕೋತದ. ಬಿಚ್ಚಿದ ತುದಿ ನೀರಿಗಿ ಬಿದ್ರ ಮುಗೀತು."

"ಹಂಗಾರ ಜೋಡಿನ ಆಚಿ ಕಡಿ ಹಿಡದು ಎಳಿಬೇಕು."

"ಕೈ ಹ್ಯಾಂಗ ಮುಟ್ಟಸ್ತೀರಿ?"

ಬಾಯಿ ಅತ್ತ ಸರಿದರು. ಮಂಚದ ಮೂಲೆಯಲ್ಲಿ ಏನೋ ಬಿಚ್ಚುವ ಸದ್ದಾಯಿತು. ಸೊಳ್ಳೆಪರದೆಗೆ ಕಟ್ಟಿದ್ದ ಬಿದಿರು ಕೋಲು. ನನ್ನ ಕೈಗೆ ಕೊಟ್ಟರು. ಒಣಗಿದ್ದು, ಆಳೆತ್ತರದ್ದು. ಹೊರಗೆ ನಡೆಯಲು ನಾನು ಬಿಳಿ ಕೋಲು ತಂದುಕೊಟ್ಟಾಗ "ನನಗ ಅದು ಬ್ಯಾಡ್ರಿ, ಮಂದಿ ನೋಡ್ತಾರ" ಎಂದು ಮೂಲೆಗೆ ನಿಲ್ಲಿಸಿದ್ದರು ಇವರೇ.

ಮೊದಲು ಡ್ರಿಲ್ಲಿನ ಗುಂಡಿ ಒತ್ತಿ ನೋಡಿದೆ. ಗುರ್ ಎಂದಿತು. ಕರೆಂಟು ಇದೆ. ಮಂಚದ ಕೆಳತುದಿ ಬಾಗಿಲ ಕಡೆಗೇ ಇತ್ತು. ನಾನು ಅಲ್ಲಿ ಬೋರಲು ಮಲಗಿ ಕೋಲು ಚಾಚಿದೆ. ತುದಿ ನಡುಗಿ ನಡುಗಿ ಎಲ್ಲಿಗೋ ಬಡಿಯಿತು. ವೈರು ಸಿಗುತ್ತಿತ್ತು, ಜಾರುತ್ತಿತ್ತು. ಮತ್ತೆ ಚಾಚಿದರೆ ಬಾಗಿಲಿಗೆ ಬಡಿಯುತ್ತಿತ್ತು.

ಬಾಯಿ ನನ್ನ ಮಣಿಕಟ್ಟು ಹಿಡಿದರು. ನಾಡಿ ನೋಡಿದ ಹಾಗೆ ಒಂದಷ್ಟು ಹೊತ್ತು ಹಿಡಿದುಕೊಂಡೇ ಇದ್ದರು.

"ಟೀಚರ್, ನಿಮ್ಮ ಕೈ ನಡಗ್ಲಿಕತ್ತದ. ಇಂಥ ಕೈಗಿ ನಾ ಎಂದೂ ಸೂಜಿ ಕೊಟ್ಟಾಕಿ ಅಲ್ಲ. ಕೊಡ್ರಿ ಇಲ್ಲಿ."

ಕಲಿಸುವವಳು ನಾನು, ಅಪಾಯದಲ್ಲಿ ಕಲಿಯುವವರ ಕೈಗೆ ಕೆಲಸ ಬಿಡಬಾರದು. ಈ ನಿಯಮ ನನಗೆ ಗೊತ್ತು, ಬೇರೆಯವರಿಗೆ ನಾನೇ ಹೇಳಿದ್ದೂ ಉಂಟು. ಆದರೆ ಕೈ ನಡುಗುತ್ತಿದ್ದದ್ದು ಖರೆ. ಕೋಲು ಕೊಟ್ಟುಬಿಟ್ಟೆ. ಆ ದಿನ ನಾನು ತೆಗೆದುಕೊಂಡ ತೀರ್ಮಾನ ಅಂದರೆ ಅದೊಂದೇ, ಉಳಿದದ್ದೆಲ್ಲ ಅದರ ಬೆನ್ನಿಗೆ ಬಂತು.

ಅವರು ಅವಸರ ಮಾಡಲಿಲ್ಲ. ಕೋಲಿನ ತುದಿಯನ್ನು ನೆಲಕ್ಕೆ ತಾಗಿಸಿ, ಎಡದಿಂದ ಬಲಕ್ಕೆ ಸವರುತ್ತ ಹೋದರು. "ಇಲ್ಲಿ ನೀರು ಬಂದದ" ಅಂದರು. ಆಮೇಲೆ, "ವೈರು ಸಿಕ್ತು." ವೈರಿನ ಗುಂಟ ತುದಿಯನ್ನು ತಳ್ಳುತ್ತ ಹೋದರು. "ಇಲ್ಲಿ ಗಂಟು ಹತ್ತಿತು. ದಪ್ಪ ಅದ. ಇದೇ ಜೋಡು." ಅದನ್ನು ದಾಟಿ, ಕೋಲನ್ನು ವೈರಿನ ಅಡಿಗೆ ತೂರಿಸಿ ತಿರುವತೊಡಗಿದರು. ರೊಟ್ಟಿ ಹಿಟ್ಟಿನ ಕೈ ತಿರುಗಿದ ಹಾಗೆ, ಮೆಲ್ಲಗೆ. ಒಂದು ಸುತ್ತು, ಎರಡು ಸುತ್ತು, ವೈರು ಬಿದಿರಿಗೆ ಸುತ್ತಿಕೊಂಡಿತು.

"ಹಿಡ್ಕೊಳ್ರಿ ನನ್ನ ಸೊಂಟ," ಅಂದರು.

ಹಿಡಿದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ವೈರು ಮೊದಲು ಬಿಗಿಯಿತು, ಆಮೇಲೆ ಒಮ್ಮೆಲೇ ಸಡಿಲಾಯಿತು. ಏನು ಸಡಿಲಾಯಿತು? ಪ್ಲಗ್ಗು ಕಿತ್ತಿತೋ, ಜೋಡು ಬಿಚ್ಚಿತೋ? ನೀರಿನ ಸದ್ದಿನಲ್ಲಿ ಪಡಸಾಲೆಯದು ಏನೂ ಕೇಳಲಿಲ್ಲ. ಡ್ರಿಲ್ಲಿನ ಗುಂಡಿ ಒತ್ತಿದೆ. ಸುಮ್ಮನಿತ್ತು. ಆದರೆ ಜೋಡು ಬಿಚ್ಚಿದ್ದರೂ ಡ್ರಿಲ್ ಸುಮ್ಮನೇ ಇರುತ್ತದಲ್ಲ.

"ಎಳೀರಿ ಇನ್ನೂ," ಅಂದೆ. ಬಾಯಿ ಕೋಲು ತಿರುವುತ್ತಲೇ ವೈರನ್ನು ಮಂಚದ ಕಡೆಗೆ ತಂದರು. ಬಂತು, ಬಂತು, ಬಾಗಿಲ ಅಡಿಯಲ್ಲಿ ಏನೋ ಟಕ್ ಎಂದು ಸಿಕ್ಕಿಕೊಂಡು ನಿಂತಿತು. ದಪ್ಪನೆಯದು, ಗಟ್ಟಿ. ಪ್ಲಗ್ಗಿನ ತಲೆ.

"ಕರೆಂಟೇ ಹೋಗಿದ್ರ? ಮತ್ತ ಬಂದ್ರ?" ಬಾಯಿ ಪಿಸುಗುಟ್ಟಿದರು.

"ಪಂಖಾ ಕೇಳ್ರಿ."

ತಲೆಯ ಮೇಲೆ ಪಂಖಾ ಎಂದಿನ ಹಾಗೆ ಕಿರ್ ಕಿರ್ ಎಂದು ತಿರುಗುತ್ತಿತ್ತು. ಮನೆಯಲ್ಲಿ ಕರೆಂಟು ಇದೆ, ನಮ್ಮ ವೈರಿನಲ್ಲಿ ಇಲ್ಲ. ಆ ಹಾಳು ಪಂಖಾದ ಕಿರುಗುಟ್ಟುವಿಕೆಯಷ್ಟು ಚಂದದ ಸಂಗೀತ ನಾನು ಕೇಳಿಲ್ಲ. ಮೊದಲು ನಾನು ಇಳಿದೆ. ತಣ್ಣನೆಯ ನೀರು ಹರಡಿನ ತನಕ ಬಂದಿತ್ತು, ಅಷ್ಟೇ.

ಸಾವಿನ ಭಯ ಹೋಯಿತು, ಕೋಣೆ ಮಾತ್ರ ಹಾಗೇ ಇತ್ತು. ಹೊಸ್ತಿಲು ಎತ್ತರದ್ದು, ಅಡಿಯ ಸಂದಿಯಿಂದ ಹೋಗುವ ನೀರಿಗಿಂತ ಬರುವುದು ಹೆಚ್ಚು. ಅವರ ಹಾಸಿಗೆ, ಟ್ರಂಕು ಎಲ್ಲ ನೆಂದವು. ಬಾಗಿಲು ಜಗ್ಗಿದೆವು. ಹಳೆಯ ಸಾಗುವಾನಿ, ಅಲುಗಲಿಲ್ಲ. ಕೊಂಡಿ ಹೊರಗೆ, ಚೌಕಟ್ಟಿನ ನೆತ್ತಿಯಲ್ಲಿ. ನಾನು ಬಾಗಿಲಿನ ಇನ್ನೊಂದು ಅಂಚಿಗೆ ಕೈ ಆಡಿಸಿದೆ. ಒಳಗೆ ತೆರೆಯುವ ಬಾಗಿಲು, ಹಾಗಾಗಿ ಬಿಜಾಗರಿ ನಮ್ಮ ಕಡೆಗೆ. ಹಳೆಯ ಕಾಲದ ಉದ್ದ ಪಟ್ಟಿಯ ಮೂರು ಬಿಜಾಗರಿ. ಸ್ಕ್ರೂ ಎಲ್ಲ ಮೇಲೆಯೇ, ಕೈಗೆ ಸಿಗುವ ಹಾಗೆ.

"ಕೊಂಡಿ ಕಡಿ ತೆರಿಯಂಗಿಲ್ಲ. ಬಿಜಾಗರಿ ಕಡಿಯಿಂದ ತೆರಿಯೂಣ" ಅಂದೆ.

"ಬಾಗಿಲಾ ಬಿಚ್ಚಿದ್ರ ಅಣ್ಣ ಏನಂತಾನ?"

ಬಾಗಿಲು ಬಿಚ್ಚಿದರೆ 'ನೋಡ್ರಿ, ಅನಾಹುತ' ಎನ್ನಲು ಅಣ್ಣನಿಗೆ ಕಾರಣ ಸಿಗುತ್ತದೆ, ಕೀಲಿ ಹೋಗುತ್ತದೆ. ಬಿಚ್ಚದೆ ನೀರಿನಲ್ಲಿ ನಿಂತು ವೈನಿಗಾಗಿ ಕಾದರೂ ಅದೇ. ಈಗ ಜೀವಕ್ಕೆ ಅಪಾಯವಿಲ್ಲ, ಕಾಯಬಹುದಿತ್ತು. ನಾನು ಸುಮ್ಮನಾದೆ. ಈ ಸಲ ಬೇಕೆಂದು ಸುಮ್ಮನಾದದ್ದಲ್ಲ.

ಬಾಯಿ ಬಿಜಾಗರಿಯ ಪಟ್ಟಿಯ ಮೇಲೆ ಒಮ್ಮೆ ಕೈ ಆಡಿಸಿದರು. ಆಮೇಲೆ, "ಪೇಚಕಸ್ ಎಲ್ಲದ?" ಅಂದರು.

ಸ್ಕ್ರೂಗಳ ಗೆರೆಯಲ್ಲಿ ಎಷ್ಟೋ ದೀಪಾವಳಿಯ ಬಣ್ಣ ತುಂಬಿತ್ತು. ನನ್ನ ಬೆರಳಿಗೆ ಗುಂಡು ತಲೆ ಸಿಕ್ಕಿತೇ ಹೊರತು ಗೆರೆ ಸಿಗಲಿಲ್ಲ. ಬಾಯಿ ತೋರುಬೆರಳ ತುದಿಯಿಂದ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನೋಡಿದರು. "ಸಣ್ಣ ಕೂಸಿನ ಕೈಯಾಗ ನರ ಹುಡುಕಿದಂಗ ಅದ" ಎಂದು ನಕ್ಕರು. ಅವರು ನಕ್ಕದ್ದು ನಾನು ಕೇಳಿದ್ದು ಆ ದಿನವೇ ಮೊದಲು. ಸೀರೆಯ ಪಿನ್ನು ತೆಗೆದು ಬಣ್ಣ ಕೆರೆದರು. ನಾನು ಅಜ್ಜನ ಉಳಿಯನ್ನು ಬಾಗಿಲ ಅಡಿಗೆ ಬೆಣೆಯ ಹಾಗೆ ಬಡಿದೆ. ಇಲ್ಲದಿದ್ದರೆ ಕೊನೆಯ ಸ್ಕ್ರೂ ಬಿಚ್ಚುವಾಗ ಅಷ್ಟೂ ಭಾರ ನಮ್ಮ ಮೇಲೆ. ಚೌಕಟ್ಟಿನ ಕಡೆಯ ಸ್ಕ್ರೂ ಮಾತ್ರ ಬಿಚ್ಚಿದರೆ ಸಾಕು. ಮೊದಲು ಕೆಳಗಿನದು, ಆಮೇಲೆ ನಡುವಿನದು, ಮೇಲಿನದು ಕೊನೆಗೆ.

ನಡುವಿನದರಲ್ಲಿ ಒಂದು ಸ್ಕ್ರೂ ಗೆರೆ ಸವೆದು ಪೇಚಕಸ್ ಸುಮ್ಮನೆ ತಿರುಗುತ್ತಿತ್ತು. ನನ್ನ ಸಣ್ಣ ಉಳಿಯ ಮೂಲೆಯನ್ನು ತಲೆಯ ಅಂಚಿಗೆ ಓರೆಯಾಗಿ ಇಟ್ಟು ಸುತ್ತಿಗೆಯಿಂದ ಬಡಿಯಲು ಹೇಳಿದೆ. ಎರಡು ಸಲ ಅವರ ಹೆಬ್ಬೆರಳಿಗೇ ಬಿತ್ತು. "ಯವ್ವಾ!" ಅಂದರು, ಮತ್ತೆ ಬಡಿದರು. ಮೂರನೆಯದಕ್ಕೆ ಸ್ಕ್ರೂ ಕೂದಲೆಳೆಯಷ್ಟು ಜರುಗಿತು. ಆಗ ನನಗೆ ಒಂದು ವಿಷಯ ಹೊಳೆಯಿತು. ಬರೋಬರ್ ಅದ ಏನ್ರಿ ಎಂದು ಅವರು ಕೇಳಿ ಎಷ್ಟೋ ಹೊತ್ತಾಗಿತ್ತು.

ಮೇಲಿನ ಬಿಜಾಗರಿಗೆ ಅವರು ಟ್ರಂಕಿನ ಮೇಲೆ ನಿಂತರು, ನಾನು ಬಾಗಿಲಿಗೆ ಭುಜ ಕೊಟ್ಟೆ. ಕೊನೆಯ ಸ್ಕ್ರೂ ಕೈಗೆ ಬಂದಾಗ ಬಾಗಿಲು ಬೆಣೆಯ ಮೇಲೆ ಕೂತಿತು. ಇಬ್ಬರೂ ಅಂಚು ಹಿಡಿದು ಒಳಗೆ ಜಗ್ಗಿದೆವು. ಹೊರಗೆ ಕೊಂಡಿ ಕಿರ್ರ್ ಎಂದು ನರಳಿತು, ಬಿಜಾಗರಿಯ ಕಡೆ ಒಂದು ಸಂದಿ ತೆರೆಯಿತು. ನಮಗಿಂತ ಮೊದಲು ನೀರು ಹೊರಗೆ ಓಡಿತು. ಬಾಯಿ ಅಡ್ಡವಾಗಿ ತೂರಿಕೊಂಡರು. ಗೋಡೆಗೆ ಕೈ ಬಡಿಯುತ್ತ ಹೋದ ಸದ್ದು, ಪಡಸಾಲೆ, ಅಂಗಳ. ಸ್ವಲ್ಪ ಹೊತ್ತಿಗೆ ಮೋರಿಯ ನಳ ಕೆಮ್ಮಿ, ತೊಟ್ಟಿಕ್ಕಿ, ಸುಮ್ಮನಾಯಿತು.

ವೈನಿ ಬಂದಾಗ ನಾವಿಬ್ಬರೂ ಅಂಗಳದ ಬಿಸಿಲಲ್ಲಿ ಸೆರಗು ಹಿಂಡುತ್ತಿದ್ದೆವು. ಕೊಡ ಕೆಳಗಿಟ್ಟದ್ದು ಕೇಳಲಿಲ್ಲ, ಬಿದ್ದದ್ದು ಕೇಳಿತು.

"ಅಯ್ಯೋ ಬಾಯಿ! ನನ್ನ ಕೈ ಸೇದಿ ಹೋಗ್ಲಿ! ಇಬ್ರೂ ಕಣ್ಣಿಲ್ಲದೋರು ಒಳಗ ಅದಾರ, ಯಾರಾರ ಬಂದ್ರ ಏನು ಗತಿ ಅಂತ ಕೊಂಡಿ ಹಾಕ್ದೆ. ನಳ ಬಂತಂತ ವಾಲ್ ತಿರುವಿದೆ. ಕೈಗಿ ರೂಢಿ ಬಿದ್ದದ, ತಲಿಗಿ ಗೊತ್ತೇ ಇಲ್ಲ!"

ಅವರನ್ನು ಸಮಾಧಾನ ಮಾಡುವ ಕೆಲಸವೂ ನಮ್ಮ ಮೇಲೆಯೇ ಬಿತ್ತು.

ಸಂಜೆ ಅಣ್ಣ ಬಂದರು. ಪಡಸಾಲೆಯಲ್ಲಿ ನಿಂತುಬಿಟ್ಟರು. ಕೋಣೆಯ ಬಾಗಿಲು ಒಂದು ಕಡೆ ಜೋತು ನಿಂತಿತ್ತು, ಅಂಗಳದ ತುಂಬ ಹಾಸಿಗೆ ಹರವಿತ್ತು. ವೈನಿ ನಡೆದದ್ದನ್ನು ಹೇಳಿದರು. ಮುಗಿದ ಮೇಲೆ ಅಣ್ಣ ನನ್ನ ಕಡೆ ತಿರುಗಿದರು.

"ಇದಕ್ಕೇ ನಾ ಅಂತಿದ್ದೆ. ಅಂದಿದ್ನೋ ಇಲ್ಲೋ, ಟೀಚರ್?"

"ಅವ್ರಿಗಿ ಏನೂ ಅನಬ್ಯಾಡ್ರಿ," ವೈನಿ ಅಂದರು. "ಕೊಂಡಿ ಹಾಕ್ದಾಕಿ ನಾನು."

"ನೀ ಯಾಕ ಹಾಕ್ದಿ?"

"ದಿನಾ ಹಾಕ್ತೇನಿ. ಹೊರಗ ಹೋಗುವಾಗ ಜ್ವಾಕಿ ಮಾಡಿ ಹೋಗು ಅಂತ ನೀವೇ ಅಂದಿದ್ರಿ."

"ಕೊಂಡಿ ಹಾಕಂತ ಅಂದಿದ್ನಾ?"

ಆಗ ಬಾಯಿ ಮಾತಾಡಿದರು. ದನಿ ಏರಿಸಲಿಲ್ಲ. "ವೈನಿಗಿ ಬೈಬ್ಯಾಡ ಅಣ್ಣಾ. ದಿನಾ ಹಾಕ್ತಾಳ, ದಿನಾ ತೆಗಿತಾಳ. ನಾನೂ ಒಂದಿನ ಯಾಕ ಅನಲಿಲ್ಲ. ಇವತ್ತ ನೀರು ಬಂತು, ಅದಕ್ಕ ನಿನಗ ಗೊತ್ತಾಯ್ತು."

ಓಣಿಯಲ್ಲಿ ಯಾರದೋ ಟಾಕಿ ತುಂಬಿ ಮೇಲಿಂದ ಸುರಿಯುತ್ತಿತ್ತು.

"ಟೀಚರ್," ಅಣ್ಣ ಕೊನೆಗೆ ಅಂದರು, "ಹ್ಞೂ ಅಂತೀರೋ, ಇಲ್ಲಂತೀರೋ?"

"ಔರಾದದಾಗ ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ರಿ. ಆಗ್ತದ. ನಳ ಸೋರ್ತದ, ಕೈ ಸುಡ್ತದ. ಏನೂ ಆಗಬಾರದು ಅಂತ ನೀವು ಇಷ್ಟೆಲ್ಲ ಮಾಡಿದ್ರಿ, ಇಲ್ಲೇ ಆಯ್ತು. ಆದಾಗ ಏನು ಮಾಡಬೇಕು ಅಂತ ಇವರು ನನಗ ಕೇಳಲಿಲ್ಲ, ನನ್ನ ಕೈಯಾಗಿಂದು ಕಸ್ಕೊಂಡು ಮಾಡಿದ್ರು. ನಾ ಹ್ಞೂ ಅಂತೇನಿ."

ಅವರು ಒಳಗೆ ಹೋದರು. ಸಿಟ್ಟಿಗೆದ್ದರು ಅಂದುಕೊಂಡೆ. ಅಂಗಿ ಬದಲಿಸಿ ಬಂದು ಬಾಗಿಲು ಹಿಡಿದು ನಿಂತರು. "ಎಷ್ಟು ಎತ್ತಬೇಕು?" "ಜರಾ ಮ್ಯಾಲ. ಇನ್ನೊಂದೀಟು. ಹಾಂ, ಹಂಗೇ ನಿಂದ್ರು" ಎಂದು ಬಾಯಿ ಒಂದೊಂದೇ ಸ್ಕ್ರೂ ಬಿಗಿದರು. ಅಣ್ಣ ಏದುಸಿರು ಬಿಡುತ್ತ, "ಒಂದು ಬಾಗಿಲಾ ಇಷ್ಟು ವಜ್ಜಿ ಇರ್ತದ ಅಂತ ಗೊತ್ತೇ ಇರಲಿಲ್ಲ" ಅಂದರು.

ಔರಾದಿಗೆ ಹೋದದ್ದು ಮುಂದಿನ ವಾರ. ಅಣ್ಣ, ತಂಗಿ, ನಾನು, ವೈನಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಮನೆಯ ಮುಂದೆ ನಿಂತಾಗ ಅಣ್ಣ ಬಾಗಿಲ ಕೀಲಿ ತೆಗೆದು, ಅದನ್ನು ತಂಗಿಯ ಕೈಗಿಟ್ಟು ಅಂದರು, "ನಾ ಮೊದಲು ಹೋಗ್ತೇನಿ. ಎರಡು ವರ್ಷ ಮುಚ್ಚಿದ ಮನಿ, ಹುಳಾ ಹುಪ್ಪಡಿ ಇರ್ತಾವ."

"ನೀ ಇಲ್ಲೇ ನಿಂದ್ರು ಅಣ್ಣಾ. ಟೀಚರ್, ನೀವೂ ನಿಂದರ್ರಿ." ಮೂಲೆಗೆ ಬಿದ್ದಿದ್ದ ಆ ಕೋಲನ್ನು ಈ ಸಲ ತಂದಿದ್ದರು, ಅದನ್ನು ಮುಂದಿಟ್ಟುಕೊಂಡು ಒಳಗೆ ಹೋದರು.

ನಾವಿಬ್ಬರೂ ಬಿಸಿಲಲ್ಲಿ ನಿಂತೆವು. ಒಳಗೆ ಕತ್ತಲು ಇರಬೇಕು, ಅಣ್ಣ ಹಣಿಕಿ ಹಣಿಕಿ ನೋಡಿ, ನನ್ನನ್ನೇ ಕೇಳಿದರು, "ಏನ್ ಮಾಡ್ಲಿಕತ್ತಾಳ್ರಿ?"

"ಗೋಡಿ ಮುಟ್ಟಿ ನೋಡ್ಲಿಕತ್ತಾರ. ಈಗ ಕಿಟಕಿ ಜಗ್ಗಿದ್ರು, ತೆರಿಲಿಲ್ಲ. ಈಗ ತೆರೀತು." ಕಿವಿಗೊಟ್ಟು ಹೇಳುತ್ತ ಹೋದೆ. "ಈಗ ಅಡಗಿ ಕೋಣಿ. ನಳ ತಿರುವಿದ್ರು. ನೀರಿಲ್ಲ."

"ಈಗ?"

"ಈಗ ಸುಮ್ಮನ ನಿಂತಾರ."

ಅಣ್ಣ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು, ಹಿಂದಕ್ಕೆ ತೆಗೆದರು.

ಆಮೇಲೆ ಒಳಗಿನಿಂದ ಪಾತ್ರೆ ಉರುಳಿದ ಸದ್ದು, ಅದರ ಹಿಂದೆಯೇ ಬಾಯಿಯ ದನಿ: "ಅಣ್ಣಾ! ಹೊರಗ ಸುಮ್ಮನ ಯಾಕ ನಿಂತಿ? ಇಲ್ಲಿ ಕೊಡ ಅದ, ತಗೋ. ಎದುರಿನ ಮನ್ಯಾಗ ನನ್ನ ಹೆಸರು ಹೇಳಿ ಒಂದ್ ಕೊಡ ನೀರು ತಗೊಂಡ ಬಾ. ಬಂದೋರಿಗಿ ಚಹಾ ಮಾಡಬ್ಯಾಡ ಏನು?"

ಅಣ್ಣ ಕೊಡ ಇಸಿದುಕೊಂಡು ಎದುರಿನ ಮನೆಗೆ ಹೋದರು.